ಬೆಂಗಳೂರಿನಲ್ಲಿ ಬಿಡಾರ: ನಿಲ್ದಾಣಕ್ಕೆ ಹತ್ತಿರ, ಕೈಗೆಟಕುವ ಬಾಡಿಗೆ

ಬೆಂಗಳೂರಿನ ರೈಲು ನಿಲ್ದಾಣದ ಮುಂಬಾಗಿಲಿನಿಂದ ಹೊರಬಿದ್ದು ಮೆಜೆಸ್ಟಿಕ್ಕಿನ ಕಡೆಗೆ ಹೊರಟವರು ಗುಬ್ಬಿ ತೋಟದಪ್ಪನವರ ಹೆಸರಿನ ರಸ್ತೆಯನ್ನು ದಾಟದೆ ಹೋಗುವಂತಿಲ್ಲ. ವ್ಯಾಪಾರದಿಂದ ಗಳಿಸಿದ್ದನ್ನು ಧರ್ಮಕಾರ್ಯಕ್ಕೆ ವಿನಿಯೋಗಿಸಿದ ಈ ಮಹನೀಯರ ಛತ್ರವು ನಿಲ್ದಾಣದ ಸಮೀಪದಲ್ಲಿ 1903ರಲ್ಲಿ ಆರಂಭವಾಯಿತು. ಪ್ರಯಾಣಿಕರಿಗೆ ತಂಗುದಾಣ, ನಮ್ಮ ಸಮಾಜದ ಬಡ ವಿದ್ಯಾರ್ಥಿಗಳಿಗೆ ವಸತಿನಿಲಯ ಎಂಬ ಎರಡು ಉಪಕಾರಗಳು ಅವರ ದತ್ತಿಯಿಂದ ನಡೆದುಬಂದುವು. ಊರಿನ ಯಾವ ಮೂಲೆಯಲ್ಲಾದರೂ ಅವರು ಜಾಗ ಕೊಳ್ಳಬಹುದಾಗಿತ್ತು. ಆದರೆ ಗಂಟುಮೂಟೆ ಹೊತ್ತು ಗಾಡಿ ಇಳಿದವನಿಗೆ ಬಿಡಾರವು ನಡೆದುಹೋಗುವಷ್ಟು ದೂರದಲ್ಲಿಯೇ ಇರಬೇಕೆಂಬುದನ್ನು ಆ ಕಾಲಕ್ಕೇ ಅರಿತಿದ್ದರು.

ಈಗ ನಮ್ಮ ಕುಟುಂಬಗಳು ಬೆಂಗಳೂರಿಗೆ ಬರುವ ಕಾರಣಗಳು ಹೆಚ್ಚಿವೆ. ಆಸ್ಪತ್ರೆ, ಮಕ್ಕಳ ಪರೀಕ್ಷೆ, ಕಚೇರಿಯ ಕೆಲಸ, ನೆಂಟರ ಮನೆಯ ಲಗ್ನ. ನೆಂಟರೆಲ್ಲರೂ ಚಿಕ್ಕ ಫ್ಲಾಟುಗಳಲ್ಲಿದ್ದಾರೆ; ನಾಲ್ಕು ದಿನ ಅವರ ಮನೆಯಲ್ಲಿ ಇಳಿದುಕೊಳ್ಳುವುದು ಇಬ್ಬರಿಗೂ ಸಂಕೋಚ. ಛತ್ರ, ಧರ್ಮಶಾಲೆಗಳಲ್ಲಿ ಬೇಕಾದ ದಿನ ಜಾಗ ಸಿಕ್ಕೀತೆಂಬ ಭರವಸೆಯಿಲ್ಲ. ದೊಡ್ಡ ಹೋಟೆಲುಗಳ ಮಾತು ಬೇಡ. ಉಳಿದದ್ದು ದಿನಕ್ಕೆ ಸುಮಾರು 1,500ರಿಂದ 3,000 ರೂಪಾಯಿಗಳವರೆಗಿನ ಮಧ್ಯಮ ದರ್ಜೆಯ ವಸತಿಗೃಹಗಳು. ಇವುಗಳಲ್ಲಿ ಒಳ್ಳೆಯದು, ಕೆಟ್ಟದ್ದು ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಬಾಡಿಗೆಗೆ, ಅಕ್ಕಪಕ್ಕದಲ್ಲಿ ಇರುತ್ತವೆ.

ಬಾಡಿಗೆ ಎಷ್ಟೆಂದು ಕೇಳುವುದಕ್ಕಿಂತ ಮೊದಲು, ಬೆಳಗಾದರೆ ನಾವು ಹೋಗಬೇಕಾದದ್ದು ಎಲ್ಲಿಗೆ ಎಂಬುದನ್ನು ಯೋಚಿಸಬೇಕು. ಬೆಂಗಳೂರಿನಲ್ಲಿ ಇದಕ್ಕೆ ಮೆಟ್ರೋ ನಕ್ಷೆಯೇ ಕೈದೀವಿಗೆ. 2011ರಲ್ಲಿ ಒಂದು ಚಿಕ್ಕ ತುಣುಕಾಗಿ ಆರಂಭವಾದ ಮೆಟ್ರೋ ಈಗ ಮೂರು ಮಾರ್ಗಗಳಲ್ಲಿ ಓಡುತ್ತಿದೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ಣಗೊಂಡಿತು. ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ ಹಸಿರು ಮಾರ್ಗವಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವು 2025ರ ಆಗಸ್ಟಿನಲ್ಲಿ ಸೇರಿಕೊಂಡಿತು. ನೇರಳೆ, ಹಸಿರು ಮಾರ್ಗಗಳು ಕೂಡುವುದು ಮೆಜೆಸ್ಟಿಕ್ಕಿನಲ್ಲಿ. ಟಿಕೆಟಿನ ದರ ಕನಿಷ್ಠ 10, ಗರಿಷ್ಠ 90 ರೂಪಾಯಿ.

ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗಳಿಗೆ ಹೋಗುವವರು ಹಸಿರು ಮಾರ್ಗದ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಬೇಕು. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಗೆ ನೇರಳೆ ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣವಿದೆ. ಹೃದ್ರೋಗದವರು ಹೋಗುವ ಜಯದೇವ ಸಂಸ್ಥೆಗೆ ಮೆಜೆಸ್ಟಿಕ್ಕಿನಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಯವರೆಗೆ ಬಂದು, ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ, ಎರಡನೆಯ ನಿಲ್ದಾಣದಲ್ಲಿ ಇಳಿದರಾಯಿತು. ವಿಧಾನಸೌಧದ ಕೆಲಸವಿದ್ದವರಿಗೆ ನೇರಳೆ ಮಾರ್ಗ ಬಾಗಿಲಿಗೇ ಬಿಡುತ್ತದೆ. ಕಿದ್ವಾಯಿ ಮತ್ತು ನಿಮ್ಹಾನ್ಸ್‌ಗಳಿಗೆ ಮಾತ್ರ ಈ ಮೂರು ಮಾರ್ಗಗಳ ಯಾವ ನಿಲ್ದಾಣವೂ ರೋಗಿ ನಡೆದುಹೋಗುವಷ್ಟು ಸಮೀಪದಲ್ಲಿಲ್ಲ. ಅಲ್ಲಿಗೆ ಚಿಕಿತ್ಸೆಗೆ ಬರುವವರು ಮೆಟ್ರೋವನ್ನು ಮರೆತು ಆಸ್ಪತ್ರೆಯ ಆಸುಪಾಸಿನಲ್ಲಿಯೇ ಕೋಣೆ ಹುಡುಕುವುದು ಲೇಸು.

ಅಗ್ಗವೆಂದು ದೂರದಲ್ಲಿ ಇಳಿದುಕೊಂಡವರ ಲೆಕ್ಕ ಹೇಗಾಗುತ್ತದೆ ನೋಡಿ. 2025ರ ಆಗಸ್ಟಿನಲ್ಲಿ ಜಾರಿಗೆ ಬಂದ ಆಟೋ ದರದಂತೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಮುಂದೆ ಪ್ರತಿ ಕಿಲೋಮೀಟರಿಗೆ 18. ಹತ್ತು ಕಿಲೋಮೀಟರಿಗೆ 180, ಹೋಗಿಬರಲು 360. ಇದು ಮೀಟರ್ ಹಾಕುವ ಪುಣ್ಯಾತ್ಮ ಸಿಕ್ಕಿದರೆ! ರಾತ್ರಿ 10ರ ಮೇಲೆ ಇದರ ಒಂದೂವರೆ ಪಟ್ಟು. ಕೋಣೆಯ ಬಾಡಿಗೆಯಲ್ಲಿ 300 ರೂಪಾಯಿ ಉಳಿಸಿದವರು ಅದನ್ನು ರಸ್ತೆಯ ಮೇಲೆ ಸುರಿದು, ಮೇಲೆ ಎರಡು ತಾಸು ಹೊಗೆಯನ್ನೂ ಕುಡಿಯುತ್ತಾರೆ.

ಹಾಗಾದರೆ ಮೆಜೆಸ್ಟಿಕ್ಕಿನಲ್ಲಿಯೇ ಇಳಿಯಬೇಕೆ? ಅನುಕೂಲಗಳು ನಿಜ. ರೈಲು, ರಾಜ್ಯದ ಎಲ್ಲ ಕಡೆಯ ಬಸ್ಸು, ನಗರದ ಬಸ್ಸು, ಮೆಟ್ರೋ, ವಿಮಾನ ನಿಲ್ದಾಣದ ಬಸ್ಸು ಎಲ್ಲವೂ ಒಂದೇ ವಠಾರದಲ್ಲಿವೆ. ಗಾಂಧಿನಗರದ ಅಡ್ಡರಸ್ತೆಗಳಲ್ಲಿ ನೂರಾರು ಕೋಣೆಗಳು. ನಸುಕಿನಲ್ಲಿಯೂ ದೀಪವಿರುತ್ತದೆ, ಚಹಾ ಸಿಗುತ್ತದೆ, ಜನಸಂಚಾರವಿರುತ್ತದೆ. ಆದರೆ ಮುಖ್ಯರಸ್ತೆಗೆ ಮುಖಮಾಡಿದ ಕೋಣೆಯಲ್ಲಿ ನಿದ್ರೆಯ ಆಸೆ ಬಿಡಬೇಕು. ಹಲವು ಲಾಡ್ಜುಗಳ ನೆಲಮಹಡಿಯಲ್ಲಿ ಬಾರ್ ಇರುತ್ತದೆ. ಹಗಲು ಬಾಗಿಲು ಮುಚ್ಚಿದ್ದು ಕಣ್ಣಿಗೆ ಬೀಳುವುದಿಲ್ಲ, ಸಂಜೆ ಏಳರ ಮೇಲೆ ಹೆಣ್ಣುಮಕ್ಕಳು ಮೆಟ್ಟಿಲು ಹತ್ತಲು ಹಿಂಜರಿಯುವಂತಾಗುತ್ತದೆ. ಆದುದರಿಂದ ಒಂದು ರಾತ್ರಿಯ ಕೆಲಸಕ್ಕೆ ಬಂದವರಿಗೆ ಮೆಜೆಸ್ಟಿಕ್ಕಿನ ಒಳಬೀದಿಯ ಹಿಂಬದಿಯ ಕೋಣೆ ಸಾಕು. ಮೂರು ನಾಲ್ಕು ದಿನ ಇರುವವರು, ಅದರಲ್ಲೂ ರೋಗಿಗಳೊಡನೆ ಬಂದವರು, ಮೆಟ್ರೋದಲ್ಲಿ ಒಂದಿಷ್ಟು ನಿಲ್ದಾಣ ದೂರ ಸರಿದು ಜಯನಗರ, ರಾಜಾಜಿನಗರ, ವಿಜಯನಗರಗಳಂತಹ ಬಡಾವಣೆಗಳಲ್ಲಿ ನಿಲ್ದಾಣಕ್ಕೆ ಐದಾರು ನಿಮಿಷದ ನಡಿಗೆಯೊಳಗಿನ ವಸತಿಗೃಹವನ್ನು ಆರಿಸುವುದು ಉತ್ತಮವೆಂಬುದು ನಮ್ಮ ಅಭಿಪ್ರಾಯ.

ಹಳದಿ ಮಾರ್ಗ ಆರಂಭವಾದ ಮೇಲೆ ನಮ್ಮ ಸೋದರತ್ತೆಯವರನ್ನು ಬಾಗಲಕೋಟೆಯ ಕಡೆಯಿಂದ ಹೃದಯದ ತಪಾಸಣೆಗೆ ಕರೆತಂದಿದ್ದೆವು. ಎಪ್ಪತ್ತೆರಡು ವಯಸ್ಸು, ನಾಲ್ಕು ಹೆಜ್ಜೆಗೆ ಏದುಸಿರು. ಆದರೂ ಸ್ನಾನ, ಇಷ್ಟಲಿಂಗಪೂಜೆ ಆಗದೆ ಒಂದು ಗುಟುಕು ಚಹಾ ಮುಟ್ಟುವವರಲ್ಲ. ಗುಳಿಗೆಯನ್ನೋ ತಿಂಡಿಯ ಮೇಲೆಯೇ ತೆಗೆದುಕೊಳ್ಳಬೇಕು. ಪೂಜೆ ತಡವಾದರೆ ಗುಳಿಗೆ ತಡ, ಗುಳಿಗೆ ತಡವಾದರೆ ಎದೆಯ ಬಡಿತ ಏರುಪೇರು. ಮೆಜೆಸ್ಟಿಕ್ಕಿನ ಒಂದು ಲಾಡ್ಜಿನಲ್ಲಿ ನಮಗೆ ತೋರಿಸಿದ ಕೋಣೆಗೆ ದೂರದರ್ಶನವಿತ್ತು, ತಂಪುಯಂತ್ರವಿತ್ತು, ಕಿಟಕಿ ಮಾತ್ರ ಇರಲಿಲ್ಲ. ಅತ್ತೆಯವರು ಹೊಸ್ತಿಲಲ್ಲಿಯೇ ನಿಂತು, "ಇಲ್ಲಿ ಪೂಜಿಗೆ ಹೆಂಗ ಕುಂಡ್ರಲೆಪ್ಪಾ? ಹೊತ್ತು ಹೊಂಟಿದ್ದೂ ಗೊತ್ತಾಗಂಗಿಲ್ಲ" ಎಂದರು. ಮುಂಗಡ ಕೊಟ್ಟಿರಲಿಲ್ಲವಾದ್ದರಿಂದ ನಮಸ್ಕಾರ ಹೇಳಿ ಹೊರಬಂದೆವು. ಜಯನಗರದ ಮೆಟ್ರೋ ನಿಲ್ದಾಣದ ಬಳಿ, ಎರಡನೆಯ ಮಹಡಿಯಲ್ಲಿ, ಪೂರ್ವಕ್ಕೆ ಕಿಟಕಿಯಿದ್ದ ಕೋಣೆ 1,800 ರೂಪಾಯಿಗೆ ಸಿಕ್ಕಿತು. ಲಿಫ್ಟ್ ಇತ್ತು, ಬೆಳಗಿನ 5ಕ್ಕೆ ಬಿಸಿನೀರು ಬರುತ್ತಿತ್ತು. ಅಲ್ಲಿಂದ ಆರ್.ವಿ. ರಸ್ತೆ ಮುಂದಿನ ನಿಲ್ದಾಣ. ಪೂಜೆ, ತಿಂಡಿ, ಗುಳಿಗೆ ಎಲ್ಲ ಮುಗಿಸಿಯೂ ಹೊರರೋಗಿಗಳ ಸಾಲಿನಲ್ಲಿ ವೇಳೆಗೆ ಮುಂಚೆಯೇ ಇದ್ದೆವು. ಆರ್.ವಿ. ರಸ್ತೆಯಲ್ಲಿ ಗಾಡಿ ಬದಲಾಯಿಸಲು ಮೇಲಿನ ಅಂತಸ್ತಿಗೆ ಹೋಗಬೇಕು. ಅಶಕ್ತರು ಮೆಟ್ಟಿಲುಗಳ ಗೋಜಿಗೆ ಹೋಗದೆ ಲಿಫ್ಟ್ ಎಲ್ಲಿದೆಯೆಂದು ಸಿಬ್ಬಂದಿಯನ್ನು ಕೇಳಬೇಕು.

ಕೋಣೆಯನ್ನು ಕಣ್ಣಾರೆ ನೋಡದೆ ಹಣ ಕೊಡಬಾರದು. ಮೊಬೈಲಿನಲ್ಲಿ ಕಾಯ್ದಿರಿಸುವವರು ಚಿತ್ರಗಳಿಗೆ ಮರುಳಾಗದೆ, ಕೋಣೆ ರದ್ದಾದರೆ ಹಣ ಮರಳುವುದೇ ಎಂಬುದನ್ನು ಓದಿಕೊಂಡು, ವಸತಿಗೃಹಕ್ಕೆ ನೇರವಾಗಿ ಒಮ್ಮೆ ದೂರವಾಣಿ ಮಾಡಬೇಕು. ಕೇಳಬೇಕಾದ ಮೊದಲ ಮಾತು ವೇಳೆಯದು. ನಮ್ಮ ಕಡೆಯ ರಾತ್ರಿ ರೈಲು, ಬಸ್ಸುಗಳು ಬಹುಪಾಲು ಮುಂಜಾನೆಯೇ ಊರು ಸೇರುತ್ತವೆ. ವಸತಿಗೃಹದ್ದು ಮಧ್ಯಾಹ್ನ 12ರಿಂದ 12ರ ಪದ್ಧತಿಯಾಗಿದ್ದರೆ, ಬೆಳಿಗ್ಗೆ 6ಕ್ಕೆ ಕೋಣೆ ಹಿಡಿದವರಿಗೆ ಆರು ತಾಸಿಗೇ ಒಂದು ದಿನದ ಬಾಡಿಗೆ ಬಿದ್ದರೂ ಬೀಳಬಹುದು, ಇಲ್ಲವೇ ಜಗಲಿಯಲ್ಲಿ ಕಾಯಬೇಕಾಗಬಹುದು. 24 ತಾಸಿನ ಪದ್ಧತಿಯಾದರೆ ಹೊಕ್ಕ ವೇಳೆಯಿಂದ ಲೆಕ್ಕ. ಬಾಡಿಗೆ 200 ರೂಪಾಯಿ ಹೆಚ್ಚಿದ್ದರೂ ಮುಂಜಾನೆ ಬರುವವರಿಗೆ ಇದೇ ಅಗ್ಗ. ಎರಡನೆಯದು ಬಿಸಿನೀರಿನ ವೇಳೆ. "ಯಾವಾಗಲೂ ಇರುತ್ತದೆ" ಎಂಬ ಉತ್ತರವನ್ನು ನಂಬದೆ ನಲ್ಲಿ ತಿರುಗಿಸಿ ನೋಡಬೇಕು. ಸೌರಶಕ್ತಿಯ ನೀರು ಮೋಡದ ದಿನ ಕೈಕೊಡುತ್ತದೆ. ಮಂಡಿನೋವಿನ ಹಿರಿಯರಿದ್ದರೆ ಕಮೋಡು ಇದೆಯೇ, ಲಿಫ್ಟು ಕೋಣೆಯ ಮಹಡಿಯವರೆಗೂ ಬರುವುದೇ, ಸ್ನಾನಗೃಹದ ನೆಲ ಜಾರುವುದೇ ಎಂದು ನೋಡಬೇಕು. ಅಡುಗೆಮನೆ ಶುದ್ಧ ಶಾಕಾಹಾರವೇ ಎಂದು ಕೇಳಲು ಸಂಕೋಚ ಬೇಡ. ಅದು ನಮ್ಮ ಮನೆತನದ ನೇಮ, ಅವರಿಗೆ ನಿತ್ಯದ ಪ್ರಶ್ನೆ. ಪೂಜೆಗೆ ಒಂದು ಮೂಲೆ ಸಾಕು. ಒಂದು ಹಾಸು, ವಿಭೂತಿ, ಒಂದು ಚಿಕ್ಕ ತಂಬಿಗೆಯನ್ನು ಮನೆಯಿಂದಲೇ ತರುವುದು ವಾಸಿ.

ಬಿಲ್ಲಿನ ವಿಷಯ ಚಿಕ್ಕದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದಿದೆ; 2,000ದ ಕೋಣೆಗೆ 100 ರೂಪಾಯಿ. ಹೇಳಿದ ಬಾಡಿಗೆ ತೆರಿಗೆ ಸೇರಿಯೋ ಸೇರದೆಯೋ ಎಂದು ಮೊದಲೇ ಕೇಳಿಕೊಂಡರೆ ಕೊನೆಗೆ ಜಗಳವಿಲ್ಲ. ಸೇವಾಶುಲ್ಕವೆಂದು ತಾವಾಗಿಯೇ ಸೇರಿಸುವುದು 2022ರ ಗ್ರಾಹಕ ಸಂರಕ್ಷಣಾ ಮಾರ್ಗಸೂಚಿಗೆ ವಿರುದ್ಧ, ಬೇಡವೆಂದರೆ ತೆಗೆಯಬೇಕು. ಕೋಣೆಯಲ್ಲಿ ಇಳಿಯುವ ಹಿರಿಯರೆಲ್ಲರ ಗುರುತಿನ ಚೀಟಿಯೂ ಜೊತೆಯಲ್ಲಿರಲಿ.

ನಿಲ್ದಾಣದ ಹೊರಗೆ "ಒಳ್ಳೆ ಲಾಡ್ಜ್ ತೋರಿಸ್ತೀನಿ ಬನ್ನಿ" ಎನ್ನುವವರ ಕಮಿಷನ್ನು ನಿಮ್ಮ ಬಾಡಿಗೆಯಲ್ಲಿಯೇ ಸೇರಿರುತ್ತದೆಂಬುದನ್ನು ಬೇರೆ ಹೇಳಬೇಕಿಲ್ಲ.

ಇನ್ನು ರೈಲಿನ ಚೀಟಿಯಲ್ಲಿ ಇಳಿಯುವ ನಿಲ್ದಾಣ ಯಾವುದೆಂದು ಸರಿಯಾಗಿ ಓದಿಕೊಳ್ಳಬೇಕು. ಬೆಂಗಳೂರೆಂದರೆ ಸಂಗೊಳ್ಳಿ ರಾಯಣ್ಣ ನಿಲ್ದಾಣವೊಂದೇ ಅಲ್ಲ. ಯಶವಂತಪುರಕ್ಕೆ ಬರುವ ಗಾಡಿಯಾದರೆ ಹಸಿರು ಮಾರ್ಗದ ಮೆಟ್ರೋ ಪಕ್ಕದಲ್ಲಿಯೇ ಇದೆ. ಅದೇ ಮಾರ್ಗದಲ್ಲಿ ಕೋಣೆ ಹಿಡಿಯುವುದು ಜಾಣತನ. 2022ರಿಂದ ನಡೆಯುತ್ತಿರುವ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿಗೆ ಬರುವ ಗಾಡಿಯಾದರೆ ಮೆಟ್ರೋ ಬಾಗಿಲಲ್ಲಿಲ್ಲ, ಬಸ್ಸು ಅಥವಾ ಆಟೋ ಹಿಡಿಯಬೇಕು. ಮೆಟ್ರೋದೊಳಗೆ ಸಾಮಾನಿನ ಗಾತ್ರಕ್ಕೆ ಮಿತಿಯಿರುವುದರಿಂದ ಜೋಳದ ಚೀಲ, ದೊಡ್ಡ ಪೆಟ್ಟಿಗೆಗಳನ್ನು ತರುವವರಿಗೆ ನಗರದ ಬಸ್ಸೇ ಗತಿ. ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನಿನಿಂದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಖರ್ಚೂ ಇಲ್ಲ. ಹೊರಡುವ ದಿನ ರಾತ್ರಿ ಗಾಡಿಯಿದ್ದು ಕೋಣೆಯನ್ನು ಮಧ್ಯಾಹ್ನವೇ ಬಿಡಬೇಕಾದರೆ, ಸಾಮಾನನ್ನು ಸಂಜೆಯವರೆಗೆ ಇಟ್ಟುಕೊಳ್ಳುವಿರಾ ಎಂದು ವಸತಿಗೃಹದವರನ್ನೇ ಕೇಳಿ. ಬಹಳಷ್ಟು ಮಂದಿ ಒಪ್ಪುತ್ತಾರೆ. ಅತ್ತೆಯವರ ಚೀಲವನ್ನು ಜಯನಗರದವರು ಹಣ ತೆಗೆದುಕೊಳ್ಳದೆ ರಾತ್ರಿ 8ರವರೆಗೆ ಇಟ್ಟುಕೊಂಡಿದ್ದರು.