20ನೇ ತಾರೀಕಿನ ಖಾಲಿ ಬೆಂಚುಗಳು

ಸಂಜೆ ಕಾಲೇಜಿನಲ್ಲಿ ಅಕೌಂಟ್ಸ್ ಹೇಳಿಕೊಡುವ ಮೇಷ್ಟರಿಗೆ ಎರಡು ಪಂಚಾಂಗ ಬೇಕು. ಒಂದು ಮನೆಯ ಗೋಡೆಯದು, ಇನ್ನೊಂದು ಜಿಎಸ್‌ಟಿಯದು. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ರಿಟರ್ನ್ ಸಲ್ಲಿಸುವ ಕೊನೆಯ ದಿನ. ಆ ದಿನಗಳಲ್ಲಿ ಟೆಸ್ಟ್ ಇಟ್ಟರೆ ಪ್ರಶ್ನೆಪತ್ರಿಕೆಗಳನ್ನು ಖಾಲಿ ಬೆಂಚುಗಳಿಗೆ ಹಂಚಿ ಬರಬೇಕಷ್ಟೆ. ವಿದ್ಯಾರ್ಥಿಗಳೆಲ್ಲ ಚಿಕ್ಕಪೇಟೆಯ ಜವಳಿ ಅಂಗಡಿಯಲ್ಲೋ ಪೀಣ್ಯದ ಕಾರ್ಖಾನೆಯಲ್ಲೋ ಕಂಪ್ಯೂಟರ್ ಮುಂದೆ ಕೂತು ರಿಟರ್ನ್ ತುಂಬುತ್ತಿರುತ್ತಾರೆ. ಅವರಿಗೆ ಗೈರುಹಾಜರಿ ಹಾಕುವುದು ಕಾಲೇಜಿನ ನಿಯಮ. ನನ್ನನ್ನು ಕೇಳಿದರೆ ಅವರು ಅವತ್ತು ಪ್ರಾಕ್ಟಿಕಲ್ ಕ್ಲಾಸಿನಲ್ಲೇ ಇದ್ದಾರೆ.

ಹಗಲು ಕಾಲೇಜಿನ ಹುಡುಗರು ಕೇಳುವುದು "ಇದು ಪರೀಕ್ಷೆಗೆ ಬರುತ್ತಾ ಸರ್?" ಅಂತ. ಸಂಜೆಯವರು ಕೇಳುವುದೇ ಬೇರೆ: "ಇದನ್ನ ನಾಳೆ ನಮ್ಮ ಓನರ್‌ಗೆ ಹೇಗೆ ಹೇಳೋದು ಸರ್?" ಅಮೆರಿಕದ ಮಾಲ್ಕಮ್ ನೋಲ್ಸ್ ವಯಸ್ಕರ ಕಲಿಕೆಯ ಬಗ್ಗೆ 1970ರಲ್ಲಿ ಒಂದು ಪುಸ್ತಕವನ್ನೇ ಬರೆದರು. ದೊಡ್ಡವರು ಅನುಭವದ ಗಂಟು ಹೊತ್ತುಕೊಂಡೇ ತರಗತಿಗೆ ಬರುತ್ತಾರೆ, ಕಲಿತದ್ದು ಕೂಡಲೇ ಉಪಯೋಗಕ್ಕೆ ಬರಬೇಕು ಅನ್ನುತ್ತಾರೆ ಎಂಬುದು ಅವರ ಮಾತಿನ ಸಾರ. ಸರಿಯೇ. ಆದರೆ ಆ ಗಂಟಿನಲ್ಲಿ ಏನೇನಿದೆ ಎಂದು ಬಿಚ್ಚಿ ನೋಡುವ ಕಷ್ಟ ಮೇಷ್ಟರದು. ಇಪ್ಪತ್ತೈದು ವರ್ಷದಿಂದ ಲೆಕ್ಕ ಬರೆಯುತ್ತಿರುವ ಗುಮಾಸ್ತರೊಬ್ಬರು ನಮ್ಮ ರಾಜ್ಯದ 1957ರ ಮಾರಾಟ ತೆರಿಗೆ ಕಾಯ್ದೆಯಲ್ಲಿ ಕಣ್ಣು ಬಿಟ್ಟು, 2005ರ ಏಪ್ರಿಲ್‌ನಲ್ಲಿ ವ್ಯಾಟ್‌ಗೆ ಹೊಂದಿಕೊಂಡು, 2017ರ ಜುಲೈ 1ರ ಬೆಳಗ್ಗೆ ಎದ್ದು ನೋಡಿದರೆ ಮತ್ತೆ ಒಂದನೇ ಕ್ಲಾಸಿನಲ್ಲಿದ್ದರು. ಅಂಥವರಿಗೆ ಹೊಸದನ್ನು ಕಲಿಸುವುದು ಕಷ್ಟವಲ್ಲ. ಹಳೆಯದನ್ನು ಮರೆಸುವುದಿದೆಯಲ್ಲ, ಅದಕ್ಕೆ ಸಿಲಬಸ್ಸಿನಲ್ಲಿ ಗಂಟೆಗಳೇ ಇಲ್ಲ.

ಇನ್ನೊಂದು ಜಗಳ ಪ್ರತಿ ವರ್ಷ ತಪ್ಪದೆ ನಡೆಯುತ್ತದೆ. ಬ್ಯಾಂಕಿಗೆ ಹಣ ಕಟ್ಟಿದರೆ ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಖಾತೆಗೆ ಡೆಬಿಟ್ ಎಂದು ಬೋರ್ಡ್ ಮೇಲೆ ಬರೆದ ತಕ್ಷಣ ಹಿಂದಿನ ಬೆಂಚಿನಿಂದ ಒಂದು ಮೊಬೈಲ್ ಮೇಲೇಳುತ್ತದೆ: "ಸರ್, ಇಲ್ಲಿ ನೋಡಿ, ಬ್ಯಾಂಕಿನವರೇ ಕ್ರೆಡಿಟ್ ಅಂತ ಮೆಸೇಜ್ ಕಳಿಸಿದ್ದಾರೆ." ಹದಿನೆಂಟರ ಹುಡುಗನಾದರೆ ಮೇಷ್ಟ್ರು ಹೇಳಿದ್ದನ್ನು ಬರೆದುಕೊಂಡು ಸುಮ್ಮನಾಗುತ್ತಾನೆ. ಇವರು ಬಿಡುವುದಿಲ್ಲ, ಬಿಡಬಾರದು ಕೂಡ. ಬ್ಯಾಂಕ್ ಬರೆಯುವುದು ಅದರ ಪುಸ್ತಕ. ಅದರ ಲೆಕ್ಕಕ್ಕೆ ನಾವು ಸಾಲ ಕೊಟ್ಟವರು, ಅದಕ್ಕೇ ಅಲ್ಲಿ ಕ್ರೆಡಿಟ್. ಇದನ್ನು ನಾನು ಹೇಳುವ ಬದಲು ಒಬ್ಬರನ್ನು ಬ್ಯಾಂಕ್ ಮಾಡಿ, ಇನ್ನೊಬ್ಬರನ್ನು ಅಂಗಡಿ ಮಾಡಿ, ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು ಬರೆಸಿದರೆ ಹತ್ತು ನಿಮಿಷದಲ್ಲಿ ಜಗಳ ತೀರುತ್ತದೆ. ವೆನಿಸ್‌ನಲ್ಲಿ 1494ರಲ್ಲಿ ಲೂಕಾ ಪಾಚೊಲಿ ಈ ಜೋಡಿ ನಮೂದಿನ ಪದ್ಧತಿಯನ್ನು ಅಚ್ಚು ಹಾಕಿಸಿದ್ದೂ ವ್ಯಾಪಾರಿಗಳಿಗಾಗಿಯೇ. ಬಿ.ಕಾಂ. ಆಮೇಲೆ ಬಂತು.

ಈಗ ಮಾರ್ಕ್ಸಿನ ವಿಷಯಕ್ಕೆ ಬರೋಣ. ಅತ್ತಿಬೆಲೆ ದಾಟಿ ಹೊಸೂರಿನ ಗಿರಾಕಿಗೆ ಸರಕು ಕಳಿಸಿದ ಇನ್‌ವಾಯ್ಸ್ ಬರೆಯಿರಿ ಅಂದೆ ಅಂದುಕೊಳ್ಳಿ. ಕೂಡಿದ್ದು ಸರಿ, ಶೇ. 18 ಲೆಕ್ಕ ಹಾಕಿದ್ದೂ ಸರಿ, ಆದರೆ ಅದನ್ನು ಕೇಂದ್ರಕ್ಕೆ 9, ರಾಜ್ಯಕ್ಕೆ 9 ಎಂದು ಒಡೆದುಬಿಟ್ಟಿದ್ದಾರೆ. ರಾಜ್ಯದ ಗಡಿಯಾಚೆ ಹೋದ ಸರಕಿಗೆ ಹಾಕಬೇಕಾದದ್ದು ಐಜಿಎಸ್‌ಟಿ. ನಮ್ಮ ಮೌಲ್ಯಮಾಪನ ಪದ್ಧತಿಯಲ್ಲಿ ಇದಕ್ಕೆ ಹತ್ತಕ್ಕೆ ಎಂಟಾದರೂ ಕೊಡಬೇಕು, ಹಂತ ಹಂತವಾಗಿ ಎಲ್ಲ ಸರಿಯಿದೆಯಲ್ಲ! ಆಫೀಸಿನಲ್ಲಿ ಸೊನ್ನೆ. ತೆರಿಗೆಯನ್ನು ಸರಿಯಾದ ತಲೆಬರಹದಲ್ಲಿ ಮತ್ತೆ ಕಟ್ಟಬೇಕು, ಮೊದಲು ಕಟ್ಟಿದ್ದಕ್ಕೆ ರೀಫಂಡ್ ಕೇಳಿಕೊಂಡು ಅಲೆಯಬೇಕು, ಅತ್ತ ಹೊಸೂರಿನವರು ಇನ್‌ಪುಟ್ ಕ್ರೆಡಿಟ್ ಎಲ್ಲಿ ಎಂದು ಫೋನ್ ಮೇಲೆ ಫೋನ್ ಮಾಡುತ್ತಾರೆ. ಎಂಟು ಕೊಟ್ಟರೆ ಸುಳ್ಳು ಹೇಳಿದಂತೆ, ಸೊನ್ನೆ ಕೊಟ್ಟರೆ ದಿನವಿಡೀ ದುಡಿದು ಬಿಎಂಟಿಸಿಯಲ್ಲಿ ನಿಂತು ಬಂದ ಮನುಷ್ಯ ನಾಳೆಯಿಂದ ಬರುವುದಿಲ್ಲ.

ನಾನು ಅಂಕವನ್ನೇ ಹಾಕುವುದಿಲ್ಲ. "ಲೆಕ್ಕ ಸರಿ. ಸರಕು ಎಲ್ಲಿ ಇಳಿಯಿತು ನೋಡಿ" ಎಂದು ಬರೆದು ವಾಪಸ್ ಕೊಡುತ್ತೇನೆ. ತಿದ್ದಿ ತಂದ ಮೇಲೆ ಅಂಕ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಶಾಲಾ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿ ಪ್ರಕಟಿಸಿದರು. ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಉಳಿದವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಬರೀ ಟಿಪ್ಪಣಿ ಸಿಕ್ಕವರು. ಟಿಪ್ಪಣಿಯ ಪಕ್ಕದಲ್ಲಿ ಅಂಕ ಕೂತರೆ ಟಿಪ್ಪಣಿ ಕೆಲಸ ಮಾಡಲೇ ಇಲ್ಲ. ಐವತ್ತು ದಾಟಿದವರೂ ಈ ವಿಷಯದಲ್ಲಿ ಮಕ್ಕಳೇ. ಉತ್ತರಪತ್ರಿಕೆ ಕೈಗೆ ಬಂದ ಕೂಡಲೇ ಅಂಕ ನೋಡಿ, ಪಕ್ಕದವರದನ್ನು ಇಣುಕಿ, ಮಡಚಿ ಟಿಫಿನ್ ಬ್ಯಾಗಿಗೆ ಸೇರಿಸುತ್ತಾರೆ.

"ತಿದ್ದಿ ಕೊಟ್ಟವರಿಗೂ ಮೊದಲೇ ಸರಿಯಾಗಿ ಬರೆದವರಿಗೂ ಒಂದೇ ಅಂಕವೇನ್ರೀ? ಇದ್ಯಾವ ನ್ಯಾಯ?" ಎಂದು ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ನನ್ನ ಉತ್ತರ ಇಷ್ಟೆ: ಜಿಎಸ್‌ಟಿಆರ್-3ಬಿ ಒಮ್ಮೆ ಸಲ್ಲಿಸಿದ ಮೇಲೆ ತಿದ್ದಲು ಬರುವುದಿಲ್ಲ. ಆದದ್ದನ್ನು ಮುಂದಿನ ತಿಂಗಳ ರಿಟರ್ನಿನಲ್ಲಿ ಸರಿದೂಗಿಸಬೇಕು. ದಂಡವಿಲ್ಲದೆ ತಪ್ಪು ಮಾಡಿ ತಿದ್ದಿಕೊಳ್ಳಲು ಇವರಿಗಿರುವ ಜಾಗ ಈ ಕೊಠಡಿಯೊಂದೇ. ಇಲ್ಲೂ ಒಂದೇ ಅವಕಾಶ ಅಂದರೆ ಫೀಸು ಯಾಕೆ ಕಟ್ಟಬೇಕು?

ಹಾಗಂತ ಎಲ್ಲರಿಗೂ ಟಿಪ್ಪಣಿಯೇ ಬೇಕು ಅಂತಲೂ ಅಲ್ಲ. ಸರ್ಕಾರಿ ಬ್ಯಾಂಕಿನವರು ಜೆಎಐಐಬಿ ಪರೀಕ್ಷೆಗೆ ಓದುತ್ತಿದ್ದರೆ ಪಾಸಾದ ಕೂಡಲೇ ಒಂದು ಇನ್‌ಕ್ರಿಮೆಂಟು, ಮುಂದಿನ ಸಿಎಐಐಬಿ ಮುಗಿಸಿದರೆ ಮತ್ತಷ್ಟು. ಅಂಥವರು "ಪಾಸಾದರೆ ಸಾಕು ಸರ್, ಜ್ಞಾನ ಆಮೇಲೆ ನೋಡೋಣ" ಅನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಮಗಳ ಕಾಲೇಜು ಫೀಸು ಜ್ಞಾನದಿಂದ ಕಟ್ಟಲಾಗುವುದಿಲ್ಲ. ಅವರಿಗೆ ಹಳೆಯ ಪ್ರಶ್ನೆಗಳನ್ನೇ ಬಿಡಿಸಿ ಕೊಡುತ್ತೇನೆ. ಇದನ್ನು ಕೀಳಾಗಿ ನೋಡುವ ಪ್ರಾಧ್ಯಾಪಕರಿದ್ದಾರೆ. ಅವರ ಇನ್‌ಕ್ರಿಮೆಂಟು ಪ್ರತಿ ವರ್ಷ ತಾನಾಗಿಯೇ ಬರುತ್ತದೆ.

ಇನ್ನು ತಡವಾಗಿ ಕೊಟ್ಟ ಅಸೈನ್‌ಮೆಂಟು. ಏನೂ ಕೇಳದೆ ತೆಗೆದುಕೊಂಡರೆ ಹೊತ್ತಿಗೆ ಸರಿಯಾಗಿ ಕೊಟ್ಟವರಿಗೆ ಅನ್ಯಾಯ, ತೆಗೆದುಕೊಳ್ಳದಿದ್ದರೆ ಅಂಗಡಿ ಆಡಿಟ್‌ನಲ್ಲಿ ಸಿಕ್ಕಿಕೊಂಡವರಿಗೆ ಅನ್ಯಾಯ. ಅವರಿಗೆ ಗೊತ್ತಿರುವ ಕಾನೂನನ್ನೇ ಹಾಕಿದೆ. 3ಬಿ ತಡವಾದರೆ ಸರ್ಕಾರ ದಿನಕ್ಕೆ 50 ರೂಪಾಯಿ ಲೇಟ್ ಫೀ ಹಾಕುತ್ತದೆ, ತೆರಿಗೆಯೇ ಇಲ್ಲದ ನಿಲ್ ರಿಟರ್ನಿಗೆ 20. ಅದರಂತೆ ಇಲ್ಲೂ ದಿನಕ್ಕೆ ಅರ್ಧ ಅಂಕ ಕಡಿತ. ಯಾರೂ ತಕರಾರು ಎತ್ತಲಿಲ್ಲ. ಮುಂದಿನ ವಾರ ಒಬ್ಬರು ಅಚ್ಚುಕಟ್ಟಾಗಿ ಹೊಲಿದ ಹಾಳೆಗಳನ್ನು ಮೇಜಿನ ಮೇಲಿಟ್ಟು, "ಸರ್ಕಾರದವರು ಆಗಾಗ ಆಮ್ನೆಸ್ಟಿ ಸ್ಕೀಮ್ ಬಿಡ್ತಾರೆ. ನಿಮ್ಮದು ಯಾವಾಗ ಸರ್?" ಎಂದು ಕೇಳಿದರು. ಯುಗಾದಿಗೆ ನೋಡೋಣ ಅಂದಿದ್ದೇನೆ.