ತೋಟದ ಕನಸಿಗೆ ನೀರು ಹೊರುವವರು ಯಾರು?

ಸಹೋದರಿ, ಒಂದು ರಾತ್ರಿ ಊಟ ಮುಗಿಸಿದ ಮೇಲೆ ನಿಮ್ಮ ಪತಿಯೂ, "ಈ ಬೆಂಗಳೂರು ಸಾಕಾಯಿತು, ಹಳ್ಳಿಯಲ್ಲಿ ಒಂದೆರಡು ಎಕರೆ ಕೊಂಡು ನಮ್ಮ ಅನ್ನ ನಾವೇ ಬೆಳೆಯೋಣ" ಎಂದಿದ್ದಾರೆಯೇ? ನಮ್ಮ ಮನೆಯವರು ಎರಡು ವರ್ಷದಿಂದ ಇದನ್ನೇ ಹೇಳುತ್ತಿದ್ದಾರೆ. ಹಿಂದೆ ಕೃಷಿಕರಲ್ಲದವರು ಹೊಲ ಕೊಳ್ಳಲು ಕಾನೂನಿನ ತಡೆಯಿತ್ತು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಆ ತಡೆ ಹೋಯಿತು. ಮಾತು ನನ್ನ ಬಳೆಗಳ ತನಕ ಬಂದಾಗ ನಾನು, "ಮೊದಲು ನೋಡಿ ಬರೋಣ" ಎಂದೆ. ನೀವೂ ಹಾಗೆಯೇ ಮಾಡಿ. ಆಗಲಿ ಎನ್ನುವ ಮುಂಚೆ, ಬೇಡ ಎನ್ನುವ ಮುಂಚೆ, ಪತಿಯ ಜೊತೆ ಎರಡು ದಿನ ಹೊರಡಿ.

2007ರಲ್ಲಿ ರಾಮನಗರ ಜಿಲ್ಲೆಯಾಗಿ ಹುಟ್ಟಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಜಿಲ್ಲೆ ನಮಗೆ ಹತ್ತಿರ. ಬೆಳಿಗ್ಗೆ ಬೇಗ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ತಲುಪಿ. ರಾಶಿ ರಾಶಿ ಗೂಡು, ಹರಾಜು, ನಮ್ಮ ಸಮುದಾಯದ ಎಷ್ಟೋ ರೀಲರುಗಳ ಓಡಾಟ ಕಾಣುವಿರಿ. ಗಂಡಸರಿಗೆ ಇಲ್ಲಿ ಹಣ ಕಾಣಿಸುತ್ತದೆ. ನೀವು ಪಕ್ಕದ ಯಾವುದಾದರೂ ಹಳ್ಳಿಯ ಹುಳುಮನೆಗೂ ಹೋಗಿ. ಗೂಡು ಕೈಗೆ ಬರಲು ಹೆಚ್ಚು ಕಡಿಮೆ ನಾಲ್ಕು ವಾರ ಬೇಕು. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳುವಿನ ಹಸಿವಿಗೆ ಮಿತಿಯಿಲ್ಲ. ಸೊಪ್ಪು ಹಾಕುವುದು, ಹಿಕ್ಕೆ ತೆಗೆಯುವುದು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದು, ಇದರಲ್ಲಿ ಬಹುಪಾಲು ಹೆಂಗಸರ ಕೆಲಸ. ಆ ದಿನಗಳಲ್ಲಿ ತವರಿನ ಮದುವೆಗೂ ಹೋಗಲಾಗದು.

ಮುಂದೆ ಚನ್ನಪಟ್ಟಣ. ಮಕ್ಕಳಿಗೆ ಬೊಂಬೆ ಕೊಳ್ಳಿ. ಆಮೇಲೆ 1946ರಲ್ಲಿ ಕಟ್ಟಿದ ಕಣ್ವ ಜಲಾಶಯದ ಕಡೆ ಹೋಗಿ ತೆಂಗು, ಮಾವು, ರಾಗಿ ನೋಡಿ. ಕಸಿ ಮಾವು ನೆಟ್ಟರೂ ಫಲಕ್ಕೆ ನಾಲ್ಕೈದು ವರ್ಷ ಕಾಯಬೇಕು. ಅಲ್ಲಿಯವರೆಗೆ ಮನೆ ಖರ್ಚು ಎಲ್ಲಿಂದ, ಬೇಸಿಗೆಯಲ್ಲಿ ಕೊಳವೆಬಾವಿಯಲ್ಲಿ ನೀರು ಎಷ್ಟು ಎಂದು ಕೇಳಿ. ಮಾರುವವರು ಮಳೆಗಾಲದಲ್ಲೇ ಜಮೀನು ತೋರಿಸುತ್ತಾರೆ. ನೀವು ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೋಗಿ ನೋಡಿ.

ಅಲ್ಲಿಂದ ಕನಕಪುರಕ್ಕೆ ಬನ್ನಿ. ಬನ್ನೇರುಘಟ್ಟ ಮತ್ತು ಕಾವೇರಿಯ ಕಾಡಿನ ಅಂಚಿನ ಹಳ್ಳಿಗಳಲ್ಲಿ ರಾಗಿ ತೆನೆ ಕಟ್ಟುವಾಗ ಆನೆ ಬರುತ್ತದೆ. ರೈತ ರಾತ್ರಿಯಿಡೀ ಹೊಲ ಕಾಯುತ್ತಾನೆ. ಮನೆಯಲ್ಲಿ ಅವನ ಹೆಂಡತಿಗೂ ನಿದ್ದೆಯಿಲ್ಲ. ಅಂಗಡಿಯಲ್ಲಿ ನಾವು ಚೌಕಾಶಿ ಮಾಡುವ ಒಂದು ಸೇರು ರಾಗಿಯಲ್ಲಿ ಈ ನಿದ್ದೆಯೂ ಸೇರಿದೆ.

ಎರಡನೆಯ ದಿನ ಮಾಗಡಿ ತಾಲೂಕಿನ ಹುಲಿಕಲ್‌ಗೆ ಹೋಗಿ. ಅಲ್ಲಿಂದ ಕುದೂರಿನವರೆಗೆ ಸುಮಾರು ನಾಲ್ಕು ಕಿಲೋಮೀಟರ್ ರಸ್ತೆಗೆ ಆಲದ ಮರಗಳ ನೆರಳು. ಕೂಲಿ ಮಾಡಿ ಬದುಕುತ್ತಿದ್ದ, ಮಕ್ಕಳಿಲ್ಲದ ತಿಮ್ಮಕ್ಕ ಮತ್ತು ಚಿಕ್ಕಯ್ಯ ದಂಪತಿ ಬೆಳೆಸಿದ ಮರಗಳಿವು. ಮೊದಲ ವರ್ಷ ನೆಟ್ಟದ್ದು ಹತ್ತೇ ಸಸಿ. ದನಕರು ತಿನ್ನದಂತೆ ಮುಳ್ಳು ಕಟ್ಟಿದರು, ಇಬ್ಬರೂ ಕೊಡ ಹೊತ್ತು ನೀರೆರೆದರು. ಚಿಕ್ಕಯ್ಯ 1991ರಲ್ಲಿ ತೀರಿಕೊಂಡರು. ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ ಅವರೂ ಹೋದರು. ನೆರಳು ಉಳಿದಿದೆ. ಅದರಡಿ ನಿಂತು ಯೋಚಿಸಿ: ಒಬ್ಬರು ಕನಸು ಕಂಡು ಇನ್ನೊಬ್ಬರು ಮಾತ್ರ ಕೊಡ ಹೊತ್ತಿದ್ದರೆ ಈ ಮರಗಳು ಇರುತ್ತಿದ್ದವೇ?

ನನಗೆ ಅಲ್ಲಿ ಹಝ್ರತ್ ಅಸ್ಮಾ ಬಿಂತ್ ಅಬೂಬಕರ್(ರ) ನೆನಪಾದರು. ಪತಿ ಝುಬೈರ್(ರ)ರಿಗೆ ಪ್ರವಾದಿವರ್ಯರು(ಸ) ಕೊಟ್ಟಿದ್ದ ಜಮೀನಿನಿಂದ ಅವರು ಖರ್ಜೂರದ ಬೀಜಗಳನ್ನು ಸುಮಾರು ಎರಡು ಮೈಲಿ ತಲೆಯ ಮೇಲೆ ಹೊತ್ತು ತರುತ್ತಿದ್ದರು. ಕುದುರೆಗೆ ಮೇವು, ನೀರು, ಮನೆಯ ಹಿಟ್ಟು ನಾದುವುದು ಎಲ್ಲವೂ ಅವರದೇ. ಕುದುರೆ ನೋಡಿಕೊಳ್ಳಲು ತಂದೆ ಒಬ್ಬ ಸೇವಕರನ್ನು ಕಳುಹಿಸಿದಾಗ ತನಗೆ ಬಿಡುಗಡೆಯೇ ಸಿಕ್ಕಂತಾಯಿತು ಎಂದರು. ಸಹೀಹ್ ಬುಖಾರಿಯಲ್ಲಿ ಇದು ದಾಖಲಾಗಿದೆ. ಸ್ವರ್ಗದ ಸುವಾರ್ತೆ ಪಡೆದ ಸಹಾಬಿಯ ಮನೆಯಲ್ಲೂ ಹೊಲದ ಭಾರ ಹೆಣ್ಣಿನ ತಲೆಗೆ ಬಂದಿತ್ತು. ಆ ಭಾರವನ್ನು ಹೇಳಿಕೊಳ್ಳಲು ಆಕೆ ಸಂಕೋಚಪಡಲಿಲ್ಲ.

ಗಿಡ ನೆಟ್ಟು, ಅದರಿಂದ ಹಕ್ಕಿ ತಿಂದರೂ ಅದು ಸದಕ ಎಂದು ನಮ್ಮ ಪ್ರವಾದಿ(ಸ) ಕಲಿಸಿದ್ದಾರೆ. ಆದ್ದರಿಂದ ಪತಿಯ ಕನಸನ್ನು ಹಗುರವಾಗಿ ಕಾಣಬೇಡಿ. ಆದರೆ ಮಗುವಿಗೆ ಹಾಲು ಬಿಡಿಸುವ ವಿಷಯದಲ್ಲೂ ಪರಸ್ಪರ ಸಮಾಲೋಚಿಸಿ ಒಪ್ಪಬೇಕೆಂದು ಅಲ್‌ಬಖರ ಅಧ್ಯಾಯ ತಿಳಿಸುತ್ತದೆ. ಇಡೀ ಸಂಸಾರವನ್ನೇ ಊರು ಬಿಡಿಸುವಾಗ ಸಮಾಲೋಚನೆ ಬೇಡವೇ? ಮಹ್ರ್ ನಿಮ್ಮ ಹಕ್ಕು. ಮನಸಾರೆ ಕೊಡುವುದಾದರೆ ಕೊಡಿ. ಆಗ ಪಹಣಿಯಲ್ಲಿ ನಿಮ್ಮ ಹೆಸರೂ ಇರಲಿ. ಮಕ್ಕಳ ಶಾಲೆ, ಮದ್ರಸ, ಆಸ್ಪತ್ರೆ ಎಷ್ಟು ದೂರ ಎಂದು ಬರೆದಿಡಿ. ಯಾವ ಕೆಲಸ ಯಾರದು ಎಂಬುದನ್ನೂ ಬರೆದಿಡಿ.

ನಾವು ಇನ್ನೂ ಜಮೀನು ಕೊಂಡಿಲ್ಲ. ಒಂದು ಬೆಳೆಯ ಮಟ್ಟಿಗೆ ಅರ್ಧ ಎಕರೆ ಗುತ್ತಿಗೆಗೆ ಹಿಡಿದು ನೋಡೋಣ ಎಂದಿದ್ದೇವೆ. ನೀರು ತಾವೇ ಹಾಯಿಸುತ್ತೇವೆಂದು ಅವರು ಒಪ್ಪಿದ್ದಾರೆ. ಬಳೆಗಳು ಸದ್ಯಕ್ಕೆ ನನ್ನ ಕೈಯಲ್ಲಿವೆ. ಮುಂದಿನದು ಅಲ್ಲಾಹನ ಇಚ್ಛೆ.