ಕಾಕಾನ ಕಿರ್ದಿ

ಯಾದಗಿರಿ, ಶಹಾಪುರ, ಸುರಪುರ: ಕಾಕಾನ ಮೂರು ಅಂಗಡಿಗಳ ಉದ್ರಿ ಲೆಕ್ಕಕ್ಕೆ ರೆಡಿಸ್ ಹಾಕಲು ಕೂತಿದ್ದೆ. ಲೆಕ್ಕವೆಲ್ಲ ರ‍್ಯಾಮ್‌ನಲ್ಲಿ, ನಕಲು ಮೂರೂ ಕಡೆ. "ಮೂರೂ ಕಡಿ ಒಮ್ಮೆಲೇ ಕರೆಂಟ್ ಹೋದ್ರ?" ಅಂದ ಕಾಕಾ. ಅದಕ್ಕೆ ನಕಲು ಸಾಲದು, ಡಿಸ್ಕೇ ಬೇಕು.

ದಾರಿ ಎರಡು. ಆರ್‌ಡಿಬಿ ಆಗಾಗ ಇಡೀ ಲೆಕ್ಕದ ಫೋಟೊ ತೆಗೆದಿಡುತ್ತದೆ, ನಡುವಿನದು ಹೋದೀತು. ಎಒಎಫ್ ಪ್ರತಿ ಬದಲಾವಣೆಯನ್ನೂ ಸಾಲಾಗಿ ಬರೆಯುತ್ತದೆ, ಮತ್ತೆ ಶುರುವಾದಾಗ ಮೊದಲಿಂದ ಓದಿ ಲೆಕ್ಕ ಕೂಡಿಸುತ್ತದೆ. ಥೇಟ್ ಕಾಕಾನ ಕಿರ್ದಿ!

ಸೆಕೆಂಡಿಗೊಮ್ಮೆ ಡಿಸ್ಕಿಗಿಳಿಸಿದರೆ ಕಳೆಯುವುದು ಸುಮಾರು 1 ಸೆಕೆಂಡಿನ ಲೆಕ್ಕ. ಪ್ರತಿ ಸಲ ಇಳಿಸಿದರೆ ನಿಧಾನ.

"ತಡ ಆದ್ರೂ ನಡೀತದ ತಮ್ಮಾ. ರೈತ ಕೊಟ್ಟ ರೊಕ್ಕ ಎರಡ್ ಸಲ ಕೇಳಬಾರ್ದು."

ಪ್ರತಿ ಸಲ ಇಳಿಸುವುದನ್ನೇ ಹಾಕಿದೆ. ಉದ್ರಿ ಅಂಗಡಿಗೆ ವೇಗಕ್ಕಿಂತ ನಂಬಿಕೆ ದೊಡ್ಡದು.